ಎಲೆ, ಗಂಟು ಮತ್ತು ಬಿತ್ತುವ ಬೀಜ

ಹಣ ಕಟ್ಟಿ ಆಡುವ ಇಸ್ಪೀಟಿನಲ್ಲಿ ಲಾಭ ನಷ್ಟ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ: ಯಾವ ಆಟಕ್ಕೆ ಕೂರುವುದು, ಎಷ್ಟು ಹಣ ಇಟ್ಟುಕೊಂಡು ಕೂರುವುದು. ಕೈಗೆ ಬರುವ ಎಲೆ ಯಾರ ಮಾತನ್ನೂ ಕೇಳುವುದಿಲ್ಲ. ಆಡುವವನ ಕೈಯಲ್ಲಿ ಮೊದಲಿಗೆ ಇರುವುದು ಈ ಎರಡು ತೀರ್ಮಾನಗಳು. ಆಟದ ಆಯ್ಕೆ ತಪ್ಪಿದರೆ ಎಂಥ ಜಾಣ್ಮೆಯೂ ಕೆಲಸಕ್ಕೆ ಬಾರದು. ಗಂಟಿನ, ಅಂದರೆ ಆಟಕ್ಕೆ ಇಟ್ಟುಕೊಂಡ ಹಣದ, ಲೆಕ್ಕ ತಪ್ಪಿದರೆ ಸರಿಯಾದ ಆಟದಲ್ಲೂ ಉಳಿಗಾಲವಿಲ್ಲ. ಪೋಕರ್ ಹೆಚ್ಚು ಆಡುವ ದೇಶಗಳಲ್ಲಿ ಈ ಎರಡು ವಿಷಯಗಳ ಮೇಲೆಯೇ ದಪ್ಪ ಪುಸ್ತಕಗಳು ಬಂದಿವೆ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಲ್ಲಿ ಪೋಕರ್ ಹೊಸಬ. ಊರಿನಲ್ಲಿ ಮೊದಲಿನಿಂದ ಕೂತವು ಅಂದರ್ ಬಾಹರ್, ಮೂರೆಲೆ ಮತ್ತು ರಮ್ಮಿ. ಆದರೆ ಲೆಕ್ಕ ಎಲ್ಲಕ್ಕೂ ಒಂದೇ. ಒಂದೊಂದೇ ಆಟಕ್ಕೆ ಆ ಲೆಕ್ಕವನ್ನು ಹಚ್ಚಿ ನೋಡುವುದು ಅಗತ್ಯ, ಏಕೆಂದರೆ ಇಲ್ಲಿ ಎಲೆಯ ಮೇಲೆ ಬೀಳುವ ರೊಕ್ಕ ಹೆಚ್ಚಾಗಿ ಹೊಲದ ರೊಕ್ಕ.

ಈ ಮೂರೂ ತಾಲೂಕುಗಳದು ಬಹುಪಾಲು ಎರಿ ಭೂಮಿ. ಮುಂಗಾರಿಗೆ ಹೆಸರು, ಗೋವಿನಜೋಳ, ಉಳ್ಳಾಗಡ್ಡಿ. ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ, ಗೋದಿ. ಬಿತ್ತನೆಗೂ ಕಟಾವಿಗೂ ನಡುವೆ ಕೈ ಖಾಲಿ ಇರುವ ದಿನಗಳುಂಟು, ಹಬ್ಬಗಳೂ ಆಗಲೇ ಬರುತ್ತವೆ. ಶ್ರಾವಣದ ನಾಗಪಂಚಮಿ ಬಂತೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಪಂತ. ಇಷ್ಟು ಎಸೆತಗಳಲ್ಲಿ ನಿಂಬೆಹಣ್ಣನ್ನು ಅಗಸಿಯಿಂದ ಇಂಥ ಗುಡಿಯ ತನಕ ಮುಟ್ಟಿಸುವುದು, ಜೋಳದ ಚೀಲ ಹೊತ್ತು ನಡೆಯುವುದು, ಭಾರದ ಕಲ್ಲು ಎತ್ತುವುದು. ಇಂಥ ಪಂತದಲ್ಲಿ ತೋಳಿನ ಬಲ ಕಣ್ಣಿಗೆ ಕಾಣುತ್ತದೆ, ಸೋತವನಿಗೆ ಸೋಲಿನ ಕಾರಣ ತಿಳಿಯುತ್ತದೆ, ಸಂಜೆಯ ಹೊತ್ತಿಗೆ ಎಲ್ಲವೂ ಮುಗಿಯುತ್ತದೆ. ಎಲೆಯಾಟದಲ್ಲಿ ಈ ಮೂರೂ ಇಲ್ಲ. ಸೋಲಿನ ಕಾರಣ ಕಾಣುವುದಿಲ್ಲವಾದ್ದರಿಂದ ಸೋತವನು ಮತ್ತೆ ಕೂರುತ್ತಾನೆ.

ಅಂದರ್ ಬಾಹರ್ ಎಲ್ಲಕ್ಕಿಂತ ಸರಳ ಆಟ. ಬೇವಿನ ಮರದ ಕೆಳಗೆ ಒಂದು ಟವೆಲ್ ಹಾಸಿದರೆ ಆಟದ ಮನೆ ಸಿದ್ಧ. ಹಂಚುವವನು ಎಲೆ ಕಲೆಸಿ, ಒಂದು ಎಲೆಯನ್ನು ನಡುವೆ ಮುಖ ಮೇಲಾಗಿ ಇಡುತ್ತಾನೆ. ಅದು ಆಟೀನ್ ಏಳು ಎಂದುಕೊಳ್ಳಬಹುದು. ಸುತ್ತ ಕೂತವರು, ಹಿಂದೆ ನಿಂತವರು ಒಳಗೆ ಅಥವಾ ಹೊರಗೆ ಹಣ ಹಾಕುತ್ತಾರೆ. ಆಮೇಲೆ ಒಂದು ಎಲೆ ಒಳಗೆ, ಒಂದು ಎಲೆ ಹೊರಗೆ ಬೀಳುತ್ತ ಹೋಗುತ್ತದೆ. ಮತ್ತೊಂದು ಏಳು ಯಾವ ಕಡೆ ಬೀಳುತ್ತದೋ ಆ ಕಡೆಯವರು ಗೆದ್ದರು. ಉಳಿದ 51 ಎಲೆಗಳಲ್ಲಿ ಏಳುಗಳು ಮೂರು ಇರುವುದರಿಂದ, ಸರಾಸರಿ 13ನೇ ಎಲೆಗೆ ಆಟ ಮುಗಿಯುತ್ತದೆ. ಒಂದು ನಿಮಿಷವೂ ಹಿಡಿಯದ ಆಟ. ಮಾತಾಡಿ ಮುಗಿಸುವುದರೊಳಗೆ ಹಣ ಕೈ ಬದಲಿಸಿರುತ್ತದೆ.

ಇದು ನಾಣ್ಯ ಚಿಮ್ಮಿದಂತೆ ಅರ್ಧಕ್ಕರ್ಧ ಎಂಬುದು ಊರಿನ ನಂಬಿಕೆ. ಲೆಕ್ಕ ಹಾಗಿಲ್ಲ. ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ನೂರಕ್ಕೆ 51.5, ಎರಡನೆಯ ಕಡೆಗೆ 48.5. ಆಟ ನಡೆಸುವವನು ಮೊದಲ ಕಡೆಗೆ ನೂರಕ್ಕೆ 90 ರೂಪಾಯಿ ಮಾತ್ರ ಕೊಟ್ಟು, ಎರಡನೆಯ ಕಡೆಗೆ ನೂರಕ್ಕೆ ನೂರು ಕೊಟ್ಟರೆ, ಮೊದಲ ಕಡೆ ಹಾಕಿದ ಪ್ರತಿ ನೂರಕ್ಕೆ ಸುಮಾರು 2 ರೂಪಾಯಿ 15 ಪೈಸೆ, ಎರಡನೆಯ ಕಡೆ ಹಾಕಿದ ಪ್ರತಿ ನೂರಕ್ಕೆ 3 ರೂಪಾಯಿ ಅವನ ಪಾಲಿಗೆ ಉಳಿಯುತ್ತದೆ. ಎರಡೂ ದಾರಿ ಒಂದೇ ಚೀಲಕ್ಕೆ ಹೋಗುತ್ತವೆ. ಯಾವ ಕಡೆ ಹಾಕಬೇಕೆಂಬ ಯೋಚನೆ, ಹಿಂದಿನ ಹತ್ತು ಆಟ ಹೇಗೆ ಬಿದ್ದವು ಎಂಬ ನೆನಪು, ಇವತ್ತು ಒಳಗೆ ಓಡುತ್ತಿದೆ ಎಂಬ ಗುಮಾನಿ, ಇವು ಯಾವುವೂ ಈ ಅಂಕಿಯನ್ನು ಅಲುಗಿಸಲಾರವು. ಪ್ರತಿ ಸಲ ಎಲೆ ಕಲೆಸಿದಾಗ ಹಿಂದಿನದೆಲ್ಲ ಅಳಿಸಿಹೋಗಿರುತ್ತದೆ.

ನೂರಕ್ಕೆ ಮೂರು ರೂಪಾಯಿ ಸಣ್ಣದೆಂದು ಕಾಣುತ್ತದೆ. ಅದು ಸಣ್ಣದಲ್ಲವೆಂಬುದಕ್ಕೆ ಒಂದು ಲೆಕ್ಕ ಸಾಕು. ಒಬ್ಬನ ಬಳಿ 2,000 ರೂಪಾಯಿ ಇದೆ, ಎರಡನೆಯ ಕಡೆಗೆ 100ರಂತೆ ಹಾಕುತ್ತ 4,000 ಮಾಡಿಕೊಂಡು ಎದ್ದುಬಿಡಬೇಕೆಂದು ಅವನ ಆಸೆ. ಪ್ರತಿ ಆಟದಲ್ಲೂ ಅವನ ಸಾಧ್ಯತೆ ನೂರಕ್ಕೆ 48.5 ಇದ್ದರೂ, ಹಣ ದುಪ್ಪಟ್ಟಾಗುವ ಸಾಧ್ಯತೆ ನೂರಕ್ಕೆ ಸುಮಾರು 23 ಮಾತ್ರ. ಉಳಿದ 77 ಸಲ ಅವನು ಬರಿಗೈಯಲ್ಲಿ ಏಳುತ್ತಾನೆ. ಸಣ್ಣ ಕೊರತೆ ಹೆಚ್ಚು ಸಲ ಮರುಕಳಿಸಿದಷ್ಟೂ ದೊಡ್ಡದಾಗುತ್ತದೆ. ನಿಮಿಷಕ್ಕೊಂದು ಆಟ ಮುಗಿಯುವುದು ಆಡುವವನಿಗೆ ರಂಜನೆ, ಆಡಿಸುವವನಿಗೆ ಆದಾಯ.

ಕೊರತೆ ಒಂದಿಷ್ಟೂ ಇಲ್ಲದ ಆಟದಲ್ಲಿಯೂ ಬಡವನ ಗಂಟು ನಿಲ್ಲುವುದಿಲ್ಲ. 1,000 ರೂಪಾಯಿ ಇರುವವನು 99,000 ಇರುವವನ ಎದುರು ಸಮಸಮದ ಆಟ ಆಡುತ್ತ, ಒಬ್ಬನ ಹಣ ಮುಗಿಯುವ ತನಕ ಏಳದೆ ಕೂತರೆ, ಮುಗಿಯುವುದು ಸಾವಿರದವನ ಹಣ. ನೂರು ಸಲದಲ್ಲಿ 99 ಸಲ. ದೊಡ್ಡ ಗಂಟು ಕೆಟ್ಟ ದಿನಗಳನ್ನು ತಡೆದುಕೊಳ್ಳುತ್ತದೆ, ಸಣ್ಣ ಗಂಟಿಗೆ ಒಂದೇ ಕೆಟ್ಟ ದಿನ ಸಾಕು. ಸೋತಾಗಲೆಲ್ಲ ದುಪ್ಪಟ್ಟು ಹಾಕಿದರೆ ಒಂದಲ್ಲ ಒಂದು ಸಲ ಎಲ್ಲವೂ ವಾಪಸು ಬರುತ್ತದೆ ಎಂಬ ಉಪಾಯ ಎಲ್ಲ ಕಟ್ಟೆಗಳಲ್ಲೂ ಕೇಳಿಬರುತ್ತದೆ. 100, 200, 400 ಎಂದು ಹೊರಟವನು ಸತತ ಹತ್ತು ಸಲ ಸೋತರೆ ಅವನಿಂದ ಹೋದದ್ದು 1,02,300 ರೂಪಾಯಿ, ಹನ್ನೊಂದನೆಯ ಆಟಕ್ಕೆ ಬೇಕಾದದ್ದು ಮತ್ತೆ 1,02,400. ಗೆದ್ದರೆ ಒಟ್ಟು ಲಾಭ 100 ರೂಪಾಯಿ. ನೂರು ರೂಪಾಯಿಗಾಗಿ ಎರಡು ಲಕ್ಷವನ್ನು ಮುಂದಿಡುವ ಈ ಉಪಾಯದಿಂದ ಹೊಲ ಬರೆದುಕೊಟ್ಟವರಿದ್ದಾರೆ.

ಮೂರೆಲೆ ಆಟಕ್ಕೆ, ಅಂದರೆ ತೀನ್ ಪತ್ತಿಗೆ, ಸ್ವಲ್ಪ ಬೇರೆ ಲೆಕ್ಕ. 52 ಎಲೆಗಳಿಂದ ಮೂರನ್ನು ಆಯುವ ಬಗೆಗಳು 22,100. ಇಂಥ ಎಣಿಕೆಯ ಸೂತ್ರ ಕನ್ನಡ ನಾಡಿಗೆ ಹೊಸದಲ್ಲ: 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬ ಸಾಮಾನ್ಯ ನಿಯಮವನ್ನು ಕೊಟ್ಟಿದ್ದಾನೆ. ಆ ನಿಯಮದಂತೆ ಎಣಿಸಿದರೆ, ಮೂರೂ ಒಂದೇ ಅಂಕಿಯ ಎಲೆಗಳು 52 ಬಗೆಯಲ್ಲಿ, ಒಂದೇ ಬಣ್ಣದ ಸಾಲು 48 ಬಗೆಯಲ್ಲಿ, ಬೇರೆ ಬೇರೆ ಬಣ್ಣದ ಸಾಲು 720 ಬಗೆಯಲ್ಲಿ, ಬರೀ ಬಣ್ಣ 1,096 ಬಗೆಯಲ್ಲಿ, ಜೋಡಿ 3,744 ಬಗೆಯಲ್ಲಿ ಬರುತ್ತವೆ. ಉಳಿದ 16,440 ಬಗೆಗಳಲ್ಲಿ ಏನೂ ಇಲ್ಲ. ನಾಲ್ಕು ಸಲ ಎಲೆ ಎತ್ತಿದರೆ ಹೆಚ್ಚುಕಡಿಮೆ ಮೂರು ಸಲ ಕೈ ಖಾಲಿ.

ಮೂರೆಲೆಯ ಅಪಾಯ ಎಲೆಯಲ್ಲಿ ಕಡಿಮೆ, ಪಣ ಏರುವ ರೀತಿಯಲ್ಲಿ ಹೆಚ್ಚು. ಎಲೆ ನೋಡದೆ ಬ್ಲೈಂಡ್ ಆಡುವವನು ಹಾಕಿದ್ದಕ್ಕೆ, ಎಲೆ ನೋಡಿದವನು ಎರಡು ಪಟ್ಟು ಹಾಕಬೇಕು. ಇಬ್ಬರೇ ಉಳಿಯುವ ತನಕ ಎಲೆ ಬಿಚ್ಚಿ ತೋರಿಸುವಂತಿಲ್ಲ. ಆದ್ದರಿಂದ ಒಂದೇ ಆಟದಲ್ಲಿ ಎಷ್ಟು ಹೋಗಬಹುದೆಂಬ ಮಿತಿಯನ್ನು ಮೊದಲೇ ಗೊತ್ತುಮಾಡದಿದ್ದರೆ, ಐವತ್ತು ರೂಪಾಯಿಯಿಂದ ಶುರುವಾದ ಆಟ ಐದು ಸಾವಿರಕ್ಕೆ ಮುಟ್ಟುತ್ತದೆ. ಎದುರಿನವನ ಮುಖ ಓದುವ ಜಾಣ್ಮೆಗೆ ಇಲ್ಲಿ ಸ್ವಲ್ಪ ಜಾಗವಿದೆ. ಆ ಜಾಣ್ಮೆಗಿಂತ, ಹೆಚ್ಚು ಹಣ ಇರುವವನು ಕಡಿಮೆ ಹಣ ಇರುವವನನ್ನು ಹೆದರಿಸಿ ಎಬ್ಬಿಸುವುದಕ್ಕೆ ಜಾಗ ದೊಡ್ಡದು.

ರಮ್ಮಿಯಲ್ಲಿ ಜಾಣ್ಮೆಯ ಪಾಲು ಹೆಚ್ಚು. ಬಿದ್ದ ಎಲೆ ನೆನಪಿಡಬೇಕು, ಎದುರಿನವನು ಎತ್ತಿದ ಎಲೆಯಿಂದ ಅವನ ಕೈ ಊಹಿಸಬೇಕು, ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕೆಂದು ತೂಗಬೇಕು. 1967ರಲ್ಲಿ ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣ ಕೊಟ್ಟು, ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದಿತು. ಅದೇ ತೀರ್ಪಿನಲ್ಲಿ, ಆಟದ ಮನೆಯವನು ರಮ್ಮಿಯಿಂದ ಲಾಭ ಮಾಡುತ್ತಿದ್ದರೆ ಅಪರಾಧವಾಗಬಹುದು ಎಂಬ ಮಾತೂ ಇದೆ. ಆ ಅರ್ಧವನ್ನು ಕ್ಲಬ್ಬುಗಳು ಗೋಡೆಗೆ ತೂಗುಹಾಕುವುದಿಲ್ಲ. ಪಾಯಿಂಟ್ ರಮ್ಮಿಯಲ್ಲಿ ಒಂದು ಆಟದ ಸೋಲು 80 ಪಾಯಿಂಟ್ ಮೀರುವುದಿಲ್ಲ, ಮೊದಲೇ ಕೈಬಿಟ್ಟರೆ 20ಕ್ಕೆ ಮುಗಿಯುತ್ತದೆ. ಪಾಯಿಂಟಿಗೆ ಒಂದು ರೂಪಾಯಿ ಇದ್ದರೆ 80 ರೂಪಾಯಿ. ಸೋಲಿನ ಗಡಿ ಮೊದಲೇ ಗೊತ್ತಿರುವ ಆಟವನ್ನು ಆರಿಸಿಕೊಳ್ಳುವುದು ಹಣದ ಲೆಕ್ಕದ ಮೊದಲ ಪಾಠ.

ಪೋಕರ್ ಇದಕ್ಕಿಂತ ಮುಂದಿನ ಮೆಟ್ಟಿಲು. ಟೆಕ್ಸಾಸ್ ಹೋಲ್ಡೆಮ್ ಎಂಬ ಹೆಚ್ಚು ಬಳಕೆಯ ಬಗೆಯಲ್ಲಿ ಆಟಗಾರನಿಗೆ ಎರಡು ಎಲೆ ಗುಟ್ಟಾಗಿ ಸಿಗುತ್ತವೆ, ಐದು ಎಲೆ ಎಲ್ಲರಿಗೂ ಸೇರಿ ನಡುವೆ ತೆರೆದುಕೊಳ್ಳುತ್ತವೆ, ನಾಲ್ಕು ಸುತ್ತು ಪಣ ನಡೆಯುತ್ತದೆ. ಎರಡು ಎಕ್ಕಾ ಒಟ್ಟಿಗೆ ಬರುವುದು ಸರಾಸರಿ 221 ಕೈಗಳಿಗೊಮ್ಮೆ. ಹೀಗಾಗಿ ಪೋಕರಿನ ಜಾಣ್ಮೆ ಹೆಚ್ಚಾಗಿ ಕೈಬಿಡುವುದರಲ್ಲಿದೆ. ನಡುವಿನ ರಾಶಿ 900 ರೂಪಾಯಿ, ಉಳಿಯಲು 300 ಕೊಡಬೇಕು ಎಂದಾದರೆ, ಗೆಲ್ಲುವ ಸಾಧ್ಯತೆ ನೂರಕ್ಕೆ 25ಕ್ಕಿಂತ ಹೆಚ್ಚಿದ್ದರೆ ಮಾತ್ರ ಕೊಡಬೇಕು. ಒಂದೇ ಬಣ್ಣದ ಐದು ಎಲೆಗೆ ಒಂದು ಕಡಿಮೆಯಿದ್ದು, ಒಂದೇ ಎಲೆ ತೆರೆಯುವುದು ಬಾಕಿಯಿದ್ದರೆ, ಕಾಣದ 46 ಎಲೆಗಳಲ್ಲಿ ಬೇಕಾದವು 9. ಸಾಧ್ಯತೆ ನೂರಕ್ಕೆ 20ರ ಒಳಗೆ. ಎದುರಿನವನಿಂದ ಮುಂದೆ ಮತ್ತೆ ಹಣ ಬರುವ ಭರವಸೆ ಇಲ್ಲದಿದ್ದರೆ ಅಲ್ಲಿ ಎಲೆ ಕೆಳಗಿಡುವುದೇ ಸರಿ. ಆಸೆ ಹಿಡಿದೆಳೆಯುವಾಗ ಈ ಲೆಕ್ಕ ಮಾಡಬಲ್ಲವನು ಆಟಗಾರ. ಮಾಡಲಾಗದವನ ಹಣ ಆಟಗಾರನ ಕೈಗೆ ಹೋಗುತ್ತದೆ.

ಪೋಕರಿನಲ್ಲಿ ಮೂರು ಮುಖ್ಯ ಪದ್ಧತಿಗಳಿವೆ. ನಗದು ಆಟದಲ್ಲಿ ಮುಂದಿರುವ ಬಿಲ್ಲೆಗಳ ಬೆಲೆ ಅಷ್ಟೇ ರೂಪಾಯಿ. ಯಾವಾಗ ಬೇಕಾದರೂ ಕೂರಬಹುದು, ಯಾವಾಗ ಬೇಕಾದರೂ ಏಳಬಹುದು. ಏರಿಳಿತ ತಕ್ಕಮಟ್ಟಿಗೆ ಕಡಿಮೆ, ಏಳುವ ಸ್ವಾತಂತ್ರ್ಯ ಹೆಚ್ಚು. ಆದರೆ ಸೋತವನು ಜೇಬಿಗೆ ಮತ್ತೆ ಕೈ ಹಾಕುವುದನ್ನು ತಡೆಯುವವರಿಲ್ಲ. ಟೂರ್ನಮೆಂಟಿನಲ್ಲಿ ಪ್ರವೇಶ ಹಣ ಒಂದೇ ಸಲ, ಅದಕ್ಕಿಂತ ಹೆಚ್ಚು ಸೋಲಲಾಗದು. ನೂರು ಜನ ಸೇರಿದರೆ ಹಣ ಸಿಗುವುದು ಹತ್ತು ಹದಿನೈದು ಜನಕ್ಕೆ, ಅದರಲ್ಲೂ ದೊಡ್ಡ ಪಾಲು ಮೊದಲ ಮೂವರಿಗೆ. ಹಾಗಾಗಿ ನುರಿತವನೂ ತಿಂಗಳುಗಟ್ಟಲೆ ಬರಿಗೈಯಲ್ಲಿ ಏಳುತ್ತಾನೆ. ಸಿಟ್ ಅಂಡ್ ಗೋ ಎಂಬುದು ಒಂದೇ ಮೇಜಿನ ಸಣ್ಣ ಟೂರ್ನಮೆಂಟ್. ಹೊತ್ತು ಕಡಿಮೆ, ಬಹುಮಾನವೂ ಕಡಿಮೆ, ಏರಿಳಿತ ಇವೆರಡರ ನಡುವೆ. ಹೊತ್ತು ಎಷ್ಟಿದೆ, ಎಷ್ಟು ಸೋಲು ತಡೆಯಬಹುದು, ಮೇಜಿನಲ್ಲಿ ತನಗಿಂತ ಕಚ್ಚಾ ಆಟಗಾರರು ಇದ್ದಾರೋ ಇಲ್ಲವೋ, ಇವನ್ನು ನೋಡಿ ಪದ್ಧತಿ ಆರಿಸುವುದು ನುರಿತವರ ಕ್ರಮ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಮೇಜಿನಲ್ಲಿ ತಾನೇ ಎಲ್ಲರಿಗಿಂತ ಕಚ್ಚಾ ಎಂದಾದರೆ ಯಾವ ಪದ್ಧತಿಯೂ ಲಾಭ ತರದು.

ಆಟದ ಮನೆಯವನು ತೆಗೆದುಕೊಳ್ಳುವ ಪಾಲನ್ನು ಈ ಲೆಕ್ಕದಲ್ಲಿ ಬಿಡುವಂತಿಲ್ಲ. ಆರು ಜನ ತಲಾ 5,000 ತಂದು ಕೂತರೆ ಮೇಜಿನ ಮೇಲೆ 30,000. ಸರಾಸರಿ 800 ರೂಪಾಯಿಯ ರಾಶಿಯಿಂದ ನೂರಕ್ಕೆ 5ರಂತೆ 40 ರೂಪಾಯಿ ತೆಗೆದರೆ, ಗಂಟೆಗೆ 30 ಕೈಗಳಿಗೆ 1,200. ಐದು ಗಂಟೆಗೆ 6,000. ಆರು ಜನರಲ್ಲಿ ಒಬ್ಬನ ಪೂರ್ತಿ ಹಣ, ಅದರ ಮೇಲೆ ಒಂದು ಸಾವಿರ, ಯಾರೂ ಗೆಲ್ಲದೆ ಮೇಜಿನಿಂದ ಇಳಿದುಹೋಯಿತು. ಗೆದ್ದೆ ಎನ್ನುವವನು ಎದುರಿನವರನ್ನು ಸೋಲಿಸಿದರೆ ಸಾಲದು, ಈ ಸೋರಿಕೆಯನ್ನೂ ತುಂಬಿಕೊಡಬೇಕು.

ನರಗುಂದದ ಜನಕ್ಕೆ ಇಂಥ ಸೋರಿಕೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭೆಯ ನೀರು ಹೊಲಕ್ಕೆ ಸರಿಯಾಗಿ ಬಾರದಿದ್ದರೂ ಅಭಿವೃದ್ಧಿ ಕರ ಕಟ್ಟಬೇಕೆಂದಾಗ ಇಲ್ಲಿನ ರೈತರು ಎದ್ದು ನಿಂತರು. 1980ರ ಜುಲೈ 21ರಂದು ಗೋಲಿಬಾರ್ ಆಗಿ ಜೀವ ಹೋಯಿತು. ಫಲ ಸಿಗಲಿ ಬಿಡಲಿ ಕಟ್ಟಲೇಬೇಕಾದ ಹಣ ಬದುಕನ್ನು ಹೇಗೆ ತಿನ್ನುತ್ತದೆಂದು ಆ ತಲೆಮಾರು ಕಂಡಿದೆ. ಆಟದ ಮನೆಯ ಪಾಲೂ ಅದೇ ಜಾತಿಯದು, ಕೊಡುವವನು ತಾನಾಗಿ ಹೋಗಿ ಕೊಡುತ್ತಾನೆ ಎಂಬುದಷ್ಟೇ ಅಂತರ.

ಇನ್ನು ಗಂಟಿನ ವಿಷಯ. ಪೋಕರಿನಲ್ಲಿ ನುರಿತವರು ಪಾಲಿಸುವ ನಿಯಮಗಳು ಕೆಲವೇ. ಮೊದಲನೆಯದು, ಆಟದ ಹಣ ಮನೆಯ ಹಣದಿಂದ ಬೇರೆ ಇರಬೇಕು. ಪೂರ್ತಿ ಹೋದರೂ ಒಲೆ ಆರಬಾರದು, ಶಾಲೆಯ ಫೀಸು ನಿಲ್ಲಬಾರದು, ಬಿತ್ತನೆ ತಪ್ಪಬಾರದು. ಎರಡನೆಯದು, ಒಂದು ಮೇಜಿಗೆ ಒಯ್ಯುವ ಹಣ ಗಂಟಿನ ಸಣ್ಣ ಚೂರಾಗಿರಬೇಕು. ನಗದು ಆಟಕ್ಕೆ 20ರಿಂದ 40 ಸಲ ಕೂರುವಷ್ಟು, ಟೂರ್ನಮೆಂಟಿಗೆ 100 ಸಲ ಅಥವಾ ಅದಕ್ಕೂ ಹೆಚ್ಚು ಸಲ ಪ್ರವೇಶ ಪಡೆಯುವಷ್ಟು ಗಂಟು ಬೇಕೆಂಬುದು ರೂಢಿಯ ಮಾತು. 5,000 ರೂಪಾಯಿಯ ಮೇಜಿಗೆ ಕೂರುವವನ ಬಳಿ ಆಟಕ್ಕೆಂದೇ ಬೇರೆ ಇಟ್ಟ ಒಂದರಿಂದ ಎರಡು ಲಕ್ಷ ಇರಬೇಕು ಎಂದಾಯಿತು. ಮೂರನೆಯದು, ಗಂಟು ಕರಗಿದರೆ ಸಣ್ಣ ಮೇಜಿಗೆ ಇಳಿಯಬೇಕು. ಸೋತದ್ದನ್ನು ಬೇಗ ತುಂಬಿಕೊಳ್ಳಲು ದೊಡ್ಡ ಮೇಜಿಗೆ ಏರುವುದು ವಿನಾಶದ ದಾರಿ. ಅರ್ಧ ಗಂಟು ಕಳೆದುಕೊಂಡವನು ಮೊದಲಿನ ಜಾಗಕ್ಕೆ ಬರಲು ಉಳಿದದ್ದನ್ನು ದುಪ್ಪಟ್ಟು ಮಾಡಬೇಕು. ನಾಲ್ಕನೆಯದು, ಪ್ರತಿ ಸಲದ ಲೆಕ್ಕ ಬರೆದಿಡಬೇಕು, ಗೆಲುವು ಸೋಲು ಎರಡನ್ನೂ. ಐದನೆಯದು, ಸಾಲದ ಹಣದಲ್ಲಿ ಎಂದೂ ಕೂರಬಾರದು.

ಎರಡನೆಯ ನಿಯಮಕ್ಕೆ ಗಣಿತದ ಆಧಾರವೂ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ 1956ರಲ್ಲಿ ತೋರಿಸಿದಂತೆ, ಆಟದಲ್ಲಿ ತನ್ನ ಕಡೆಗೆ ಎಷ್ಟು ಒಲವಿದೆಯೋ ಅದಕ್ಕೆ ತಕ್ಕಂತೆ ಮಾತ್ರ ಪಣ ಇರಬೇಕು. ಸಮಪಣದ ಆಟದಲ್ಲಿ ಗೆಲುವಿನ ಸಾಧ್ಯತೆ ನೂರಕ್ಕೆ 55 ಇದ್ದರೆ, ಗಂಟಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಹಾಕಬಾರದು. 50 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹಾಕಬೇಕಾದ ಪಣ ಸೊನ್ನೆ. ಅಂದರ್ ಬಾಹರ್‌ಗೆ ಈ ಸೂತ್ರ ಕೊಡುವ ಉತ್ತರ, ಎರಡೂ ಕಡೆ ಕೊರತೆಯೇ ಇರುವುದರಿಂದ, ಅದೇ ಸೊನ್ನೆ. ಎಷ್ಟು ಶಿಸ್ತಿನಿಂದ ಹಣ ಹಂಚಿದರೂ, ಕೊರತೆಯ ಆಟದಲ್ಲಿ ಶಿಸ್ತು ಸೋಲನ್ನು ನಿಧಾನ ಮಾಡೀತೇ ಹೊರತು ತಪ್ಪಿಸಲಾರದು.

ಹಾಗಾದರೆ ಪೋಕರಿನಲ್ಲಿ ಜಾಣ್ಮೆ ಇರುವವನು ಗೆಲ್ಲುತ್ತಾನೆಯೇ? ಬಹಳ ದೂರ ನಡೆದರೆ ಗೆಲ್ಲುತ್ತಾನೆ. ಎಷ್ಟು ದೂರ ಎಂಬುದನ್ನು ನೋಡಬೇಕು. ನೂರು ಕೈಗಳಿಗೆ ಕನಿಷ್ಠ ಪಣದ ಐದು ಪಟ್ಟು ಗಳಿಸುವ ಒಳ್ಳೆಯ ಆಟಗಾರನಿಗೆ, ಅಷ್ಟೇ ಕೈಗಳಲ್ಲಿ ಏರಿಳಿತದ ಅಳತೆ ತೊಂಬತ್ತು ಪಟ್ಟಿನ ಆಸುಪಾಸು ಇರುತ್ತದೆ. ಈ ಲೆಕ್ಕದಲ್ಲಿ 10,000 ಕೈಗಳನ್ನು ಆಡಿದ ಮೇಲೂ ಅವನು ನಷ್ಟದಲ್ಲೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 29. ಎದುರುಬದುರು ಕೂತು ಗಂಟೆಗೆ 30 ಕೈ ಆಡುವವನಿಗೆ 10,000 ಕೈ ಮುಗಿಯಲು 333 ಗಂಟೆ ಬೇಕು. ವಾರಕ್ಕೊಮ್ಮೆ ಐದು ಗಂಟೆ ಕೂತರೆ 67 ವಾರ, ಒಂದು ವರ್ಷದ ಮೇಲೆ ಮೂರು ತಿಂಗಳು. ಅಷ್ಟಾದರೂ ತಾನು ಜಾಣನೋ ಅದೃಷ್ಟವಂತನೋ ಎಂಬುದು ಖಚಿತವಾಗುವುದಿಲ್ಲ. ಎರಡು ರಾತ್ರಿ ಗೆದ್ದು ಕಸುಬು ಕಲಿತೆ ಎನ್ನುವವನ ಮಾತಿಗೆ ಬೆಲೆ ಎಷ್ಟೆಂದು ಇದರಿಂದ ತಿಳಿಯಬಹುದು.

ತೆರಿಗೆಯ ಲೆಕ್ಕವೂ ಆಟಗಾರನ ಪರವಾಗಿಲ್ಲ. ಎಲೆಯಾಟದ ಗೆಲುವಿನ ಮೇಲೆ ಆದಾಯ ತೆರಿಗೆ ನೂರಕ್ಕೆ 30. ಬೇರೆ ದಿನ ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ವರ್ಷದಲ್ಲಿ 50,000 ಗೆದ್ದು 45,000 ಸೋತವನ ಕೈಯಲ್ಲಿ ಉಳಿದದ್ದು 5,000, ಕಟ್ಟಬೇಕಾದ ತೆರಿಗೆ 15,000.

ಕಾನೂನಿನ ನೆಲೆ ಹೀಗಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ ಪ್ರಕಾರ ಜೂಜಿನ ಮನೆ ನಡೆಸುವುದು, ಅಲ್ಲಿ ಆಡುತ್ತ ಸಿಕ್ಕಿಬೀಳುವುದು, ಬೀದಿಯಲ್ಲಿ ಜೂಜಾಡುವುದು ಅಪರಾಧ. ಬರೀ ಕೌಶಲದ ಆಟಕ್ಕೆ ವಿನಾಯಿತಿ ಇದೆ. ಅಂದರ್ ಬಾಹರ್‌ಗೆ ಆ ವಿನಾಯಿತಿ ಸಿಗದು. ಪತ್ರಿಕೆಗಳಲ್ಲಿ ಬರುವ ಕಲಂ 87ರ ಪ್ರಕರಣಗಳು ಹೆಚ್ಚಾಗಿ ಇದೇ ಆಟದವು. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಜೂಜು ಎಂದಿತು. ಆನ್‌ಲೈನ್ ಹಣದಾಟ ನಿಷೇಧಿಸಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದು ಮಾಡಿತು. ಆಮೇಲೆ ಕೇಂದ್ರದ ಕಾಯ್ದೆ ಬಂತು: 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ್ದಿರಲಿ ಅದೃಷ್ಟದ್ದಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ನಡೆಸುವುದನ್ನೇ ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದ ತನಕ ಸೆರೆ, ಒಂದು ಕೋಟಿಯ ತನಕ ದಂಡ. ಆಡಿದವರನ್ನು ಅದು ಅಪರಾಧಿಗಳೆಂದು ಎಣಿಸುವುದಿಲ್ಲ. ಕಾಯ್ದೆಯ ಬೆನ್ನಿಗೇ ದೊಡ್ಡ ಕಂಪನಿಗಳು ಹಣದ ಪೋಕರ್, ರಮ್ಮಿ ನಿಲ್ಲಿಸಿದವು. ಈಗಲೂ ಮೊಬೈಲಿನಲ್ಲಿ ಹಣದ ಆಟಕ್ಕೆ ಕರೆಯುವವರ ಬಳಿ ಗೆದ್ದ ಹಣವನ್ನು ಕೇಳಿ ಪಡೆಯಲು ಯಾವ ದಾರಿಯೂ ಇಲ್ಲ.

ಆಟದ ಆಯ್ಕೆ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಈ ಸೀಮೆಯ ಮಗ್ಗುಲಲ್ಲೇ ಒಂದು ದೊಡ್ಡ ನಿದರ್ಶನವಿದೆ. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದನೆಂದು ನಂಬುವ ಭಾರತದ ಸಭಾಪರ್ವದಲ್ಲಿ ಧರ್ಮರಾಯನ ಜೂಜಿದೆ. ಹಣದ ಲೆಕ್ಕದಿಂದ ನೋಡಿದರೆ ಅವನ ತಪ್ಪುಗಳು ಮೂರು: ತನಗಿಂತ ನುರಿತವನ ಎದುರು, ಅವನದೇ ದಾಳದಲ್ಲಿ ಕೂತದ್ದು, ಸೋತ ಹಾಗೆಲ್ಲ ಪಣ ಏರಿಸಿದ್ದು, ಪಣಕ್ಕೆ ಇಡಬಾರದ್ದನ್ನು ಇಟ್ಟದ್ದು. ಇಂದಿಗೂ ಕೆಡುವ ಮನೆಗಳು ಇದೇ ಮೂರು ಮೆಟ್ಟಿಲು ಇಳಿದು ಕೆಡುತ್ತವೆ.

ಪಣಕ್ಕೆ ಇಡಬಾರದ್ದು ಯಾವುದೆಂದು ಎರಿ ಸೀಮೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ನೆಲದಲ್ಲಿ ತೋಡಿದ ಹಗೇವಿನಲ್ಲಿ ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಎಳೆಯುತ್ತಿದ್ದರು. ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಕಾಯುತ್ತಿದ್ದರು. ಉಣ್ಣುವ ಕಾಳು ಬೇರೆ, ಬಿತ್ತುವ ಬೀಜ ಬೇರೆ. ಎಂಥ ಬರದಲ್ಲೂ ಬೀಜದ ಕಾಳಿಗೆ ಕೈ ಹಾಕಬಾರದೆಂಬುದು ಮನೆಯ ಹೆಂಗಸರು ಕಾಯ್ದ ಕಟ್ಟಳೆ. ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಮಡಚಿಟ್ಟ ನೋಟಿಗೂ ಅದೇ ಕಟ್ಟಳೆ. ಜಗತ್ತಿನ ಪೋಕರ್ ಪುಸ್ತಕಗಳು ಗಂಟಿನ ಬಗ್ಗೆ ಹೇಳುವ ಮೊದಲ ನಿಯಮವನ್ನು ಈ ಮನೆಗಳು ಬೀಜದ ಚೀಲದ ಮೇಲೆ ಆಗಲೇ ಪಾಲಿಸುತ್ತಿದ್ದವು.

ಉಳಿದ ನಿಯಮಗಳೂ ಹೊಲದಲ್ಲಿವೆ. ಜೋಳದ ನಡುವೆ ಕುಸುಬಿಯ ಅಕ್ಕಡಿ ಸಾಲು ಹಾಕುವುದು ಗಂಟನ್ನು ಒಂದೇ ಎಲೆಯ ಮೇಲೆ ಇಡದಿರುವ ಕ್ರಮ. ಒಂದು ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಹಿಂಗಾರು ಬೆಳೆಗೆ ರೈತನ ಪಾಲು ನೂರಕ್ಕೆ ಒಂದೂವರೆ. 40,000 ರೂಪಾಯಿಯ ವಿಮೆಗೆ 600. ಜೂಜು ಸಣ್ಣ ಆಸೆಗಾಗಿ ದೊಡ್ಡ ನಷ್ಟವನ್ನು ಮನೆಗೆ ಕರೆಯುತ್ತದೆ, ವಿಮೆ ಸಣ್ಣ ಹಣ ಕೊಟ್ಟು ದೊಡ್ಡ ನಷ್ಟವನ್ನು ಹೊರಗಿಡುತ್ತದೆ. ಸಾಲದ ಬಡ್ಡಿಯೇ ರೈತನ ಗಂಟನ್ನು ತಿನ್ನುತ್ತಿದ್ದ ಕಾಲದಲ್ಲಿ, 1905ರಲ್ಲಿ, ಇದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದಕ್ಕೆ ಹೆಸರು. ಹತ್ತು ಜನರ ಸಣ್ಣ ಗಂಟು ಒಂದುಗೂಡಿದರೆ ಒಬ್ಬನ ಕೆಟ್ಟ ವರ್ಷವನ್ನು ಉಳಿದವರು ಹೊರಬಲ್ಲರು. ಎಲೆಯಾಟದ ಸುತ್ತ ಕೂತ ಹತ್ತು ಜನರಲ್ಲಿ ಒಬ್ಬನ ಒಳ್ಳೆಯ ದಿನಕ್ಕೆ ಉಳಿದವರು ತೆರಬೇಕು.

ಎರಿ ಭೂಮಿಯ ರೈತ ಈಗಾಗಲೇ ದೊಡ್ಡ ಪಣ ಇಟ್ಟವನು. ಮಳೆ ಬರುವುದೋ ಇಲ್ಲವೋ, ಬಂದ ಬೆಳೆಗೆ ದರ ಸಿಗುವುದೋ ಇಲ್ಲವೋ, ಉಳ್ಳಾಗಡ್ಡಿ ಕಿತ್ತ ವಾರದಲ್ಲೇ ಪೇಟೆ ಬೀಳುವುದೋ ಏನೋ. ಅಲ್ಲಿಯೂ ಸೋಲುಂಟು, ಆದರೆ ಹೊಲದ ಮೇಲೆ ಹಾಕಿದ ದುಡಿಮೆ ಭೂಮಿಯನ್ನು ಹಸನು ಮಾಡಿ ಉಳಿಯುತ್ತದೆ, ಬೆಳೆದ ಕಾಳು ಯಾರದೋ ಹೊಟ್ಟೆ ತುಂಬಿಸುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲಿಗೆಂದೇ ಒಂದು ಸೂಕ್ತವಿದೆ; ದಾಳ ಬಿಟ್ಟು ಹೊಲಕ್ಕೆ ಮರಳಬೇಕೆಂಬ ಬುದ್ಧಿಮಾತು ಅದರಲ್ಲಿ ಬರುತ್ತದೆ.

ಬಿಡಬೇಕೆಂದರೂ ಬಿಡಲಾಗದ ಹಂತವೂ ಉಂಟು. ಸೋತದ್ದನ್ನು ಮನೆಯಲ್ಲಿ ಮುಚ್ಚಿಡುವುದು, ಉದ್ದರಿ ತಂದು ಆಡುವುದು, ಸೋತ ಮರುದಿನವೇ ಅದನ್ನು ತುಂಬಿಕೊಳ್ಳಲು ಓಡುವುದು, ಆಡದ ದಿನ ಸಿಡಿಮಿಡಿಗೊಳ್ಳುವುದು ಅದರ ಗುರುತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಗೀಳು ಕಾಯಿಲೆಯೆಂದೇ ಸೇರಿದೆ. ಅಂಥವರನ್ನು ಬೈದು ಪ್ರಯೋಜನವಿಲ್ಲ, ಚಿಕಿತ್ಸೆ ಬೇಕು. ಅದಕ್ಕೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು.

ಲೆಕ್ಕ ಇಷ್ಟೇ. ಅಂದರ್ ಬಾಹರ್‌ನಲ್ಲಿ ಆಡುವವನಿಗೆ ಲಾಭವಿಲ್ಲ. ಮೂರೆಲೆಯಲ್ಲಿ ದೊಡ್ಡ ಗಂಟಿನವನಿಗೆ ಮೇಲುಗೈ. ರಮ್ಮಿ, ಪೋಕರಿನಲ್ಲಿ ಜಾಣ್ಮೆಗೆ ಬೆಲೆಯಿದೆ, ಆ ಬೆಲೆಯನ್ನು ಮನೆಯವನ ಪಾಲು, ತೆರಿಗೆ ಮತ್ತು ವರ್ಷಗಟ್ಟಲೆಯ ಏರಿಳಿತ ತಿಂದು ಮುಗಿಸುತ್ತವೆ. ಗೆಳೆಯರೊಡನೆ ಎಲೆ ಹಂಚಿ ಹೊತ್ತು ಕಳೆಯುವವರು ಹಣವಿಲ್ಲದೆ ಆಡಲಿ. ರಮ್ಮಿಯ ನೆನಪು, ಪೋಕರಿನ ಲೆಕ್ಕ ಆಗಲೂ ಅಷ್ಟೇ ಹರಿತವಾಗಿರುತ್ತವೆ. ರೊಕ್ಕವನ್ನು ಬಿತ್ತನೆಗೆ ಇಟ್ಟುಕೊಳ್ಳಲಿ.